ರೀಫರ್ ಗಾಡಿ: ಕಾಸರಗೋಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ಕಡಲ ಬದಿಯಲ್ಲಿ ಮೀನು. ಬದಿಯಡ್ಕ, ಮುಳ್ಳೇರಿಯದ ಕಡೆ ಹಾಲು, ಬಾಳೆ, ತರಕಾರಿ. ನಮ್ಮ ಜಿಲ್ಲೆಯಿಂದ ಕೆಡುವ ಸರಕು ಹೊರಗೆ ಹೋಗುವುದೂ ಉಂಟು, ಹೊರಗಿನಿಂದ ಬರುವುದೂ ಉಂಟು. ಇಂಥ ಸರಕನ್ನು ತಂಪಾಗಿ ಒಯ್ಯಲು ಕೂಲಿಂಗ್ ಯೂನಿಟ್ ಕೂರಿಸಿದ ಗಾಡಿಯೇ ರೀಫರ್. ನಾನು ಕುಂಬಳೆಯಲ್ಲಿ ಈ ಗಾಡಿಗಳ ಕೂಲಿಂಗ್ ಯೂನಿಟ್ ರಿಪೇರಿ ಮಾಡುವವನು. ಗಾಡಿ ಕೊಳ್ಳುವವರು, ಬಾಡಿಗೆಗೆ ಹಿಡಿಯುವವರು, ಹೊಸದಾಗಿ ಡ್ರೈವರ್ ಕೆಲಸಕ್ಕೆ ಸೇರಿದವರು ನನ್ನಲ್ಲಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಇಲ್ಲಿನ ಕೆಲಸ ಹೆಚ್ಚಾಗಿ ಮೀನಿನದ್ದಾದ್ದರಿಂದ ಮೀನಿನ ಮಾತೇ ಜಾಸ್ತಿ ಬರುತ್ತದೆ.

ಗಾಡಿಯ ಒಳಗೆ ತಂಪು ಆಗುವುದು ಹೇಗೆ?

ಮನೆಯ ಫ್ರಿಜ್ಜಿನಲ್ಲಿ ಇರುವ ಕ್ರಮವೇ ಇಲ್ಲೂ. ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದು, ಅಷ್ಟೇ ಕೆಲಸ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬಿಸಿ ತಾಗುತ್ತದೆ ಅಲ್ವಾ? ಆ ಬಿಸಿಯಲ್ಲಿ ಒಂದು ಪಾಲು ಒಳಗಿಟ್ಟ ಹಾಲು, ಸಾಂಬಾರಿನಿಂದ ಬಂದದ್ದು. ಉಳಿದದ್ದು ಮೋಟಾರು ದುಡಿದದ್ದರಿಂದ.

ಗಾಡಿಯಲ್ಲಿ ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಒತ್ತಿದಾಗ ಗ್ಯಾಸ್ ಬಿಸಿಯಾಗುತ್ತದೆ. ಅದು ಕಂಡೆನ್ಸರ್ ಕಾಯಿಲಿಗೆ ಬಂದು, ಫ್ಯಾನ್ ಬೀಸುವ ಹೊರಗಾಳಿಗೆ ಬಿಸಿ ಬಿಟ್ಟುಕೊಟ್ಟು ದ್ರವವಾಗುತ್ತದೆ. ಮುಂದೆ ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ಕಿಂಡಿ. ಅಲ್ಲಿ ಒತ್ತಡ ಒಮ್ಮೆಲೇ ಇಳಿಯುತ್ತದೆ, ದ್ರವ ತಣ್ಣಗಾಗುತ್ತದೆ. ಕೊನೆಗೆ ಬಾಡಿಯ ಒಳಗಿರುವ ಇವಾಪರೇಟರ್ ಕಾಯಿಲಿನಲ್ಲಿ ಆ ದ್ರವ ಮತ್ತೆ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ಗಾಳಿಯಿಂದ ಹೀರಿಕೊಳ್ಳುತ್ತದೆ. ಆವಿ ಕಂಪ್ರೆಸರಿಗೆ ಮರಳುತ್ತದೆ, ಸುತ್ತು ಮುಂದುವರಿಯುತ್ತದೆ. ಕ್ಯಾಬಿನ್ನಿನ ಮೇಲೆ ಕಾಣುವ ದಪ್ಪ ಪೆಟ್ಟಿಗೆಯಲ್ಲಿ ಕಂಡೆನ್ಸರೂ ಅದರ ಫ್ಯಾನೂ ಇರುತ್ತವೆ.

ನಮ್ಮ ಊರಿನವರಿಗೆ ಒಂದು ಮಾತು. ಕಡಲಿನ ಉಪ್ಪುಗಾಳಿ ಕಂಡೆನ್ಸರಿನ ತೆಳು ಅಲ್ಯೂಮಿನಿಯಂ ರೆಕ್ಕೆಗಳನ್ನು ತಿನ್ನುತ್ತದೆ. ಧೂಳು ಹಿಡಿದರೆ ಬಿಸಿ ಹೊರಗೆ ಹೋಗುವುದಿಲ್ಲ. ದಕ್ಕೆಗೆ ಹೋಗಿ ಬಂದ ಗಾಡಿಯ ಕಂಡೆನ್ಸರಿಗೆ ಸಿಹಿನೀರನ್ನು ಮೆಲ್ಲಗೆ ಹಾಯಿಸಿ ತೊಳೆಯಿರಿ. ಪ್ರೆಶರ್ ಪೈಪು ಹತ್ತಿರ ಹಿಡಿದರೆ ರೆಕ್ಕೆ ಮಡಚಿ ಹೋಗುತ್ತದೆ.

ಇದಕ್ಕೆಲ್ಲ ಶಕ್ತಿ ಎಲ್ಲಿಂದ ಬರುತ್ತದೆ?

ಎಲ್ಲ ಗಾಡಿಗಳಲ್ಲೂ ಒಂದೇ ಕ್ರಮ ಇಲ್ಲ. ಕೊಳ್ಳುವ ಮೊದಲು ಎಲ್ಲಕ್ಕಿಂತ ಜಾಸ್ತಿ ಯೋಚನೆ ಮಾಡಬೇಕಾದದ್ದು ಇದರ ಬಗ್ಗೆಯೇ.

ಸಣ್ಣ ಗಾಡಿಗಳಲ್ಲಿ, ಅಂದರೆ ಊರೊಳಗೆ ಓಡುವ ಪಿಕಪ್ ಮತ್ತು 14 ಅಡಿ ಬಾಡಿಯವುಗಳಲ್ಲಿ, ಕಂಪ್ರೆಸರನ್ನು ಗಾಡಿಯ ಇಂಜಿನ್ನಿಗೇ ಬೆಲ್ಟ್ ಹಾಕಿ ಜೋಡಿಸಿರುತ್ತಾರೆ. ಕಾರಿನ ಎಸಿ ಇರುವ ರೀತಿ ಇದೇ. ಬೆಲೆ ಕಡಿಮೆ, ತೂಕ ಕಡಿಮೆ, ರಿಪೇರಿ ಸುಲಭ. ತೊಂದರೆ ಏನೆಂದರೆ ಇಂಜಿನ್ ಆಫ್ ಮಾಡಿದರೆ ತಂಪೂ ಆಫ್. ಟ್ರಾಫಿಕ್ಕಿನಲ್ಲಿ ಸಿಕ್ಕಿ ಇಂಜಿನ್ ಐಡಲ್‌ನಲ್ಲಿ ಇದ್ದಾಗ ಕಂಪ್ರೆಸರ್ ನಿಧಾನ ತಿರುಗುತ್ತದೆ, ತಂಪಿನ ತಾಕತ್ತು ಬೀಳುತ್ತದೆ. ತಲಪಾಡಿ ಗಡಿಯಲ್ಲೋ ಕಾಸರಗೋಡು ಪೇಟೆಯಲ್ಲೋ ಅರ್ಧ ಗಂಟೆ ನಿಂತರೆ ಡಿಸ್‌ಪ್ಲೇಯಲ್ಲಿ ಡಿಗ್ರಿ ಏರುವುದು ಕಣ್ಣಿಗೇ ಕಾಣುತ್ತದೆ.

ದೊಡ್ಡ ಲಾರಿ, ಟ್ರೇಲರುಗಳಲ್ಲಿ ಕೂಲಿಂಗ್ ಯೂನಿಟ್ಟಿಗೆ ತನ್ನದೇ ಸಣ್ಣ ಡೀಸೆಲ್ ಇಂಜಿನ್ ಇರುತ್ತದೆ, ಅದಕ್ಕೆ ಬೇರೆ ಟ್ಯಾಂಕು ಇರುತ್ತದೆ. ಲಾರಿಯ ಇಂಜಿನ್ ನಿಂತರೂ ಇದು ಓಡುತ್ತದೆ. ಡ್ರೈವರ್ ಊಟಕ್ಕೆ ನಿಲ್ಲಿಸಿದಾಗಲೂ ಡುರ್ ಡುರ್ ಸದ್ದು ಬರುತ್ತಿರುತ್ತದಲ್ಲ, ಅದು ಇದರದ್ದೇ. ಬೆಂಗಳೂರು, ಚೆನ್ನೈ ಕಡೆಗೆ ದೂರದ ಓಟ ಇದ್ದರೆ ಇದೇ ಬೇಕು.

ಎರಡೂ ಬಗೆಯ ಗಾಡಿಗಳಲ್ಲಿ ಸ್ಟ್ಯಾಂಡ್‌ಬೈ ಎಂಬ ಸೌಲಭ್ಯ ಸಿಗುತ್ತದೆ. ಯೂನಿಟ್ಟಿನೊಳಗೆ ಒಂದು ವಿದ್ಯುತ್ ಮೋಟಾರು ಇರುತ್ತದೆ. ಗಾಡಿ ಅಂಗಳದಲ್ಲಿ ನಿಂತಾಗ ಮೂರು ಫೇಸ್ 415 ವೋಲ್ಟಿನ ಲೈನಿಗೆ ಪ್ಲಗ್ ಹಾಕಿದರೆ ಡೀಸೆಲ್ ಇಲ್ಲದೆ ತಂಪು ಉಳಿಯುತ್ತದೆ. ಸಣ್ಣ ಯೂನಿಟ್ಟುಗಳಲ್ಲಿ ಸಿಂಗಲ್ ಫೇಸಿನದ್ದೂ ಉಂಟು. ಡೈರೆಕ್ಟ್ ಬೆಲ್ಟಿನ ಗಾಡಿ ತೆಗೆದುಕೊಳ್ಳುವವರಿಗೆ ನಾನು ಸ್ಟ್ಯಾಂಡ್‌ಬೈ ಇಲ್ಲದೆ ತೆಗೆದುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಬೆಳಗಿನ ಜಾವ ಲೋಡ್ ಮಾಡುವ ಮೊದಲು ಬಾಡಿಯನ್ನು ತಣ್ಣಗೆ ಮಾಡಿಟ್ಟುಕೊಳ್ಳಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ.

ಐಸ್‌ಕ್ರೀಮ್ ಗಾಡಿಗಳಲ್ಲಿ ಇನ್ನೊಂದು ಕ್ರಮ ನೋಡಬಹುದು. ಬಾಡಿಯ ಗೋಡೆಗೂ ಮಾಡಿಗೂ ಚಪ್ಪಟೆ ಪ್ಲೇಟುಗಳಿರುತ್ತವೆ, ಒಳಗೆ ಉಪ್ಪಿನ ದ್ರಾವಣ. ರಾತ್ರಿಯಿಡೀ ಕರೆಂಟಿಗೆ ಹಾಕಿ ಅದನ್ನು ಹೆಪ್ಪುಗಟ್ಟಿಸುತ್ತಾರೆ. ಹಗಲು ಅದು ಮೆಲ್ಲಗೆ ಕರಗುತ್ತಾ ತಂಪು ಕೊಡುತ್ತದೆ. ಓಡುವಾಗ ಯಾವ ಮೆಷಿನ್ನೂ ಬೇಡ, ಸದ್ದಿಲ್ಲ. ಪ್ಲೇಟುಗಳ ತೂಕ ಮಾತ್ರ ಜಾಸ್ತಿ, ಹೊತ್ತಿಗೂ ಮಿತಿ ಇದೆ.

ಹಡಗಿನ ರೀಫರ್ ಕಂಟೇನರುಗಳದ್ದು ಪೂರ್ತಿ ವಿದ್ಯುತ್ ಯೂನಿಟ್. ಹಡಗಿನಲ್ಲಿ ಹಡಗಿನ ಕರೆಂಟು, ಬಂದರಿನಲ್ಲಿ ಬಂದರಿನ ಕರೆಂಟು, ರಸ್ತೆಯಲ್ಲಿ ಟ್ರೇಲರಿಗೆ ಕಟ್ಟಿದ ಜನರೇಟರು. ಕೊಚ್ಚಿಗೋ ಮಂಗಳೂರಿನ ಬಂದರಿಗೋ ಹೋಗುವ ಸಿಗಡಿ ಕಂಟೇನರನ್ನು ಹೆದ್ದಾರಿಯಲ್ಲಿ ಗಮನಿಸಿ, ಆ ಜನರೇಟರ್ ಕಾಣಿಸುತ್ತದೆ.

ಗಾಡಿಯ ಬ್ಯಾಟರಿಯಿಂದ ಓಡಿಸಲು ಆಗುವುದಿಲ್ಲವಾ?

ಆಗುವುದಿಲ್ಲ. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 1.2 ಯೂನಿಟ್ (ಕಿಲೋವಾಟ್-ಅವರ್) ಕರೆಂಟು. 3 ಕಿಲೋವಾಟಿನ ಕಂಪ್ರೆಸರ್ ಅದನ್ನು 24 ನಿಮಿಷದಲ್ಲಿ ಬರಿದು ಮಾಡುತ್ತದೆ. ವಿದ್ಯುತ್ ಲಾರಿಗಳ ದೊಡ್ಡ ಬ್ಯಾಟರಿಯ ಮಾತು ಬೇರೆ. ಅಲ್ಲಿ ಕಂಪ್ರೆಸರ್ ನೇರ ಅದರಿಂದಲೇ ಓಡುತ್ತದೆ, ಬದಲಿಗೆ ಗಾಡಿ ಓಡುವ ದೂರ ಸ್ವಲ್ಪ ಕಡಿಮೆಯಾಗುತ್ತದೆ.

ಮಾಡಿನ ಮೇಲೆ ಸೋಲಾರ್ ಹಾಕಿದರೆ?

14 ಅಡಿ ಬಾಡಿಯ ಮಾಡಿನಲ್ಲಿ 7–8 ಚದರ ಮೀಟರ್ ಜಾಗ ಸಿಗುತ್ತದೆ. ನಡು ಮಧ್ಯಾಹ್ನದ ಒಳ್ಳೆಯ ಬಿಸಿಲಿಗೆ ಅದರಿಂದ ಒಂದೂವರೆ ಕಿಲೋವಾಟ್ ಸಿಗಬಹುದು. ಬ್ಯಾಟರಿ ಚಾರ್ಜ್ ಇಡಲು, ಫ್ಯಾನ್ ಓಡಿಸಲು ಚೆನ್ನಾಗಿದೆ. ಆದರೆ ಮೀನಿನ ಓಟ ರಾತ್ರಿಯದ್ದು. ಜೂನ್, ಜುಲೈಯಲ್ಲಿ ನಮ್ಮಲ್ಲಿ ಬಿಸಿಲು ಎಷ್ಟು ಎನ್ನುವುದನ್ನು ನಾನು ಹೇಳಬೇಕಾಗಿಲ್ಲ. ಪೂರ್ತಿ ಸೋಲಾರಿನಲ್ಲಿ ಓಡುವ ರೀಫರ್ ಸದ್ಯಕ್ಕೆ ನಮ್ಮ ಕೆಲಸಕ್ಕೆ ಆಗುವುದಿಲ್ಲ.

ಡೀಸೆಲ್ ಎಷ್ಟು ಬೇಕು?

ಸ್ವಂತ ಇಂಜಿನ್ ಇರುವ ದೊಡ್ಡ ಯೂನಿಟ್ ಗಂಟೆಗೆ ಸುಮಾರು 2ರಿಂದ 4 ಲೀಟರ್ ಕುಡಿಯುತ್ತದೆ. ಹತ್ತು ಗಂಟೆಯ ಓಟಕ್ಕೆ 20ರಿಂದ 40 ಲೀಟರ್. ಬಾಗಿಲು ಎಷ್ಟು ಸಲ ತೆರೆಯುತ್ತೀರಿ, ಹೊರಗೆ ಎಷ್ಟು ಸೆಕೆ, ಬಾಡಿ ಎಷ್ಟು ಹಳೆಯದು ಎಂಬುದರ ಮೇಲೆ ಇದು ಏರುತ್ತದೆ, ಇಳಿಯುತ್ತದೆ. ಹೆಪ್ಪುಗಟ್ಟಿದ ಸರಕಿಗೆ ಯೂನಿಟ್ಟನ್ನು ನಿಂತು ನಿಂತು ಓಡುವಂತೆ ಇಟ್ಟರೆ ಸಾಕು, ಡೀಸೆಲ್ ಉಳಿಯುತ್ತದೆ. ತರಕಾರಿ, ಹಣ್ಣು, ಹೂವಿಗೆ ಹಾಗೆ ಮಾಡಬೇಡಿ. ಅವು ಉಸಿರಾಡುತ್ತಾ ತಾವೇ ಬಿಸಿ ಹುಟ್ಟಿಸುತ್ತವೆ. ಅವಕ್ಕೆ ಗಾಳಿ ಸದಾ ಸುತ್ತುತ್ತಿರಬೇಕು.

ಬಿಸಿ ಮೀನು ತುಂಬಿಸಿದರೆ ಗಾಡಿ ತಣ್ಣಗೆ ಮಾಡಿಕೊಳ್ಳುತ್ತದೆ ಅಲ್ವಾ?

ಇಲ್ಲ. ಈ ಒಂದು ಉತ್ತರವನ್ನು ಎಲ್ಲರೂ ನಿಧಾನ ಓದಬೇಕು ಎಂದು ನನ್ನ ಆಸೆ. ನಾನು ನೋಡುವ ಹೆಚ್ಚಿನ ನಷ್ಟಗಳು ಮೆಷಿನ್ ಕೆಟ್ಟು ಆದವುಗಳಲ್ಲ, ಈ ನಂಬಿಕೆಯಿಂದ ಆದವು.

ರೀಫರ್ ಗಾಡಿಯನ್ನು ಕಟ್ಟಿರುವುದು ಈಗಾಗಲೇ ತಣ್ಣಗಿರುವ ಸರಕನ್ನು ತಣ್ಣಗೇ ಇಡಲು. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಮೀನನ್ನು 28 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು ಸುಮಾರು 100 ಕಿಲೋಜೂಲ್ ಶಾಖ ತೆಗೆಯಬೇಕು. 3 ಟನ್ ಮೀನಿಗೆ 3 ಲಕ್ಷ ಕಿಲೋಜೂಲ್. ನಿಮ್ಮ ಯೂನಿಟ್ಟಿನ ತಾಕತ್ತು 5 ಕಿಲೋವಾಟ್ ಎಂದಿಟ್ಟುಕೊಳ್ಳಿ. ಒಂದು ಸೆಕೆಂಡೂ ನಿಲ್ಲದೆ ಓಡಿದರೂ 16–17 ಗಂಟೆ ಬೇಕು. ಗೋಡೆಯಿಂದ ಬರುವ ಬಿಸಿಯನ್ನು ಇದರಲ್ಲಿ ಸೇರಿಸಿಲ್ಲ. ಕಾಸರಗೋಡಿನಿಂದ ಹೊರಟ ಮೀನು ಬೆಂಗಳೂರು ಮುಟ್ಟಿದಾಗಲೂ ಒಳಗೆ ಬೆಚ್ಚಗೇ ಇರುತ್ತದೆ. ಡಿಸ್‌ಪ್ಲೇಯಲ್ಲಿ ಮಾತ್ರ 4 ಡಿಗ್ರಿ ಕಾಣಬಹುದು. ಯಾಕೆಂದರೆ ಅದು ಗಾಳಿಯ ಲೆಕ್ಕ. ಕ್ರೇಟಿನ ನಡುವಿನ ಮೀನಿನ ಲೆಕ್ಕ ಬೇರೆ.

ಬಂಗುಡೆ, ಬೂತಾಯಿ, ಟ್ಯೂನದ ವಿಷಯದಲ್ಲಿ ಇದು ಆರೋಗ್ಯದ ಪ್ರಶ್ನೆಯೂ ಹೌದು. ಈ ಮೀನುಗಳು ಬೆಚ್ಚಗೆ ಉಳಿದರೆ ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಎಂಬ ವಸ್ತುವನ್ನು ಮಾಡುತ್ತವೆ. ತಿಂದವರಿಗೆ ಮುಖ ಕೆಂಪಾಗುತ್ತದೆ, ತುರಿಕೆ, ತಲೆನೋವು ಬರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಆಮೇಲೆ ಫ್ರೀಜರಿನಲ್ಲಿಟ್ಟರೂ ಹೋಗದು, ಗಂಟೆಗಟ್ಟಲೆ ಕುದಿಸಿದರೂ ಹೋಗದು. ಮೊದಲೇ ತಣ್ಣಗೆ ಮಾಡುವುದು ಒಂದೇ ದಾರಿ.

ಹಾಗಾದರೆ ಮೊದಲು ತಣ್ಣಗೆ ಮಾಡುವುದು ಹೇಗೆ?

ಮೀನಿಗೆ ಐಸಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಲೆಕ್ಕದ ಪ್ರಕಾರ ಒಂದು ಕಿಲೋ ಮೀನಿಗೆ 300 ಗ್ರಾಂ ಐಸ್ ಸಾಕು. ಆದರೆ ನಮ್ಮ ಸೆಕೆಯಲ್ಲಿ ಬಹಳಷ್ಟು ಐಸ್ ಹೊರಗಿನ ಬಿಸಿಗೇ ಕರಗಿಹೋಗುತ್ತದೆ. ಹಾಗಾಗಿ ನಮ್ಮಂಥ ಬಿಸಿ ಊರುಗಳಲ್ಲಿ ಮೀನಿನಷ್ಟೇ ತೂಕದ ಐಸ್ ಹಾಕಬೇಕೆಂದು ಲೆಕ್ಕ. ಬೋಟಿನಲ್ಲೇ ಹಾಕಬೇಕು. ಪುಡಿ ಐಸ್ ಹಾಕಿ, ಒಂದು ಪದರ ಐಸ್, ಒಂದು ಪದರ ಮೀನು. ದೊಡ್ಡ ತುಂಡುಗಳು ಮೀನನ್ನು ಜಜ್ಜುತ್ತವೆ, ಎಲ್ಲ ಕಡೆ ತಾಗುವುದೂ ಇಲ್ಲ.

ಗಾಡಿಯ ಬಾಡಿಯನ್ನೂ ಲೋಡಿಗೆ ಮೊದಲೇ ತಣ್ಣಗೆ ಮಾಡಿ. ಹಗಲಿಡೀ ಬಿಸಿಲಿಗೆ ನಿಂತ ಬಾಡಿಯ ಗೋಡೆ, ನೆಲ ಎಲ್ಲ ಬಿಸಿ ತುಂಬಿಕೊಂಡಿರುತ್ತದೆ. ಲೋಡ್ ಮಾಡುವಾಗ ಮಾತ್ರ ಯೂನಿಟ್ ಆಫ್ ಮಾಡಿ. ಬಾಗಿಲು ತೆರೆದು ಯೂನಿಟ್ ಓಡಿಸಿದರೆ ಹೊರಗಿನ ತೇವದ ಗಾಳಿಯನ್ನು ಎಳೆದು ಕಾಯಿಲಿಗೆ ಐಸ್ ಕಟ್ಟಿಸಿಕೊಳ್ಳುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಉಂಟು. ಕಾಸರಗೋಡಿನ ಸಿಪಿಸಿಆರ್‌ಐಯವರು (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ತೆಂಗಿನ ನೀರಾ ಇಳಿಸಲು ಒಂದು ಕೋಕೋ-ಸ್ಯಾಪ್ ಚಿಲ್ಲರ್ ಮಾಡಿದ್ದಾರೆ. ಮರದ ತುದಿಯಲ್ಲೇ ಐಸ್ ಇಟ್ಟ ಪೆಟ್ಟಿಗೆಯೊಳಗೆ ರಸ ಬೀಳುತ್ತದೆ. ಹಾಗಾಗಿ ಹುಳಿಯುವುದಿಲ್ಲ, ಅದನ್ನೇ ಕಲ್ಪರಸ ಎಂದು ಮಾರುತ್ತಾರೆ. ತಂಪು ಶುರುವಾಗಬೇಕಾದದ್ದು ಮರದ ಮೇಲೆ, ಬೋಟಿನ ಒಳಗೆ, ಹಟ್ಟಿಯ ಪಕ್ಕದಲ್ಲಿ. ಗಾಡಿಯ ಸರದಿ ಆಮೇಲೆ ಬರುತ್ತದೆ.

ಐಸ್ ಇದ್ದರೆ ರೀಫರ್ ಯಾಕೆ? ಇನ್ಸುಲೇಟೆಡ್ ಗಾಡಿ ಸಾಲದೇ?

ಮಂಜೇಶ್ವರದಿಂದ ಮಂಗಳೂರಿಗೆ, ಕಾಸರಗೋಡಿನಿಂದ ಸುಳ್ಯಕ್ಕೆ ಸಾಲುತ್ತದೆ. ಒಳ್ಳೆಯ ಪಫ್ ಬಾಡಿ (ಗೋಡೆಯೊಳಗೆ ಫೋಮ್ ತುಂಬಿದ್ದು), ಸಾಕಷ್ಟು ಐಸ್, ಎರಡು ಮೂರು ಗಂಟೆಯ ಓಟ. ಅಷ್ಟಕ್ಕೆ ಲಕ್ಷಗಟ್ಟಲೆ ಸುರಿದು ಯೂನಿಟ್ ಕೂರಿಸಬೇಡಿ. ದೂರದ ಓಟಕ್ಕೆ, ಹೆಪ್ಪುಗಟ್ಟಿದ ಮಾಲಿಗೆ, ಹಾಲಿನ ಪ್ಯಾಕೆಟ್ಟಿಗೆ, ಔಷಧಿಗೆ ರೀಫರ್ ಬೇಕು. ತಾಜಾ ಮೀನಿಗೆ ರೀಫರ್ ಇದ್ದರೂ ಐಸ್ ಬಿಡಬೇಡಿ. ಬರೀ ತಂಪು ಗಾಳಿ ಬೀಸಿದರೆ ಮೀನಿನ ಮೈ ಒಣಗುತ್ತದೆ.

ರಸ್ತೆಗೆ ಮೀನಿನ ನೀರು ಸೋರಿಸುವುದು ರೀಫರ್ ಗಾಡಿಗಳಾ?

ಹೆಚ್ಚಾಗಿ ಐಸ್ ತುಂಬಿದ ಸಾಮಾನ್ಯ ಲಾರಿಗಳು. ಕರಗಿದ ನೀರು ರಕ್ತ, ಸಿಂಬಳದ ಜೊತೆ ಸೇರಿ ರಸ್ತೆಗೆ ಬಿದ್ದರೆ ಹಿಂದೆ ಬರುವ ಬೈಕು ಜಾರುತ್ತದೆ. ಇದು ಜೀವದ ವಿಷಯ. ಬಾಡಿಯ ಕೆಳಗೆ ನೀರು ಹಿಡಿಯುವ ಟ್ಯಾಂಕು ಕಟ್ಟಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಅದನ್ನು ದಾರಿ ಬದಿಯ ತೋಡಿಗೆ ಬಿಡದೆ ದಕ್ಕೆಯಲ್ಲಿ ಖಾಲಿ ಮಾಡಿ. ರೀಫರ್ ಯೂನಿಟ್ಟಿನ ಸಣ್ಣ ಪೈಪಿನಿಂದ ಹನಿಯುವುದು ಗಾಳಿಯ ತೇವ ಕಾಯಿಲಿಗೆ ತಾಗಿ ಇಳಿದ ನೀರು. ಅದರಿಂದ ತೊಂದರೆ ಇಲ್ಲ.

ಯಾವುದಕ್ಕೆ ಎಷ್ಟು ಡಿಗ್ರಿ ಇಡಬೇಕು?

ಹೆಪ್ಪುಗಟ್ಟಿದ ಮೀನು, ಸಿಗಡಿ, ಕೋಳಿಗೆ ಮೈನಸ್ 18 ಅಥವಾ ಅದಕ್ಕಿಂತ ಕೆಳಗೆ. ಐಸ್‌ಕ್ರೀಮಿಗೆ ಇನ್ನೂ ಸ್ವಲ್ಪ ಕೆಳಗಿದ್ದರೆ ಒಳ್ಳೆಯದು. ಐಸ್ ಹಾಕಿದ ತಾಜಾ ಮೀನಿಗೆ ಬಾಡಿಯನ್ನು 2 ಡಿಗ್ರಿಯ ಹತ್ತಿರ ಇಡಿ. ತೀರಾ ಸೊನ್ನೆಗಿಂತ ಕೆಳಗಿಟ್ಟರೆ ಐಸ್ ಕರಗುವುದೇ ನಿಲ್ಲುತ್ತದೆ. ಕರಗುವ ಐಸಿನ ನೀರು ಮೀನನ್ನು ತೊಳೆಯುತ್ತಾ ತಣ್ಣಗಿಡುವುದು ನಮಗೆ ಬೇಕು. ಹಾಲಿಗೆ 4 ಡಿಗ್ರಿ.

ಜಾಸ್ತಿ ತಂಪು ಇಟ್ಟಷ್ಟು ಒಳ್ಳೆಯದು ಎಂದು ಭಾವಿಸುವವರು ತುಂಬ ಜನ. ಬಾಳೆಯನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ, ಮತ್ತೆ ಸರಿಯಾಗಿ ಹಣ್ಣಾಗುವುದಿಲ್ಲ. ನೇಂದ್ರ ಬಾಳೆಗೂ ಇದೇ ಮಾತು. ಲಸಿಕೆಗಳಲ್ಲಿ ಹೆಚ್ಚಿನವಕ್ಕೆ 2ರಿಂದ 8 ಡಿಗ್ರಿ. ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಹಾಳು. ಕರಗಿಸಿದರೆ ನೋಡಲು ಔಷಧಿಯಂತೆಯೇ ಇರುತ್ತದೆ, ಗುಣ ಇರುವುದಿಲ್ಲ. ಔಷಧಿ ಲೋಡ್ ಹಿಡಿಯುವವರು ಇದನ್ನು ಡ್ರೈವರಿಗೆ ಬಿಡಿಸಿ ಹೇಳಲೇಬೇಕು.

ಮೀನು ಹಾಕಿದ ಗಾಡಿಯಲ್ಲಿ ಮರಳುವಾಗ ಹಾಲು ಅಥವಾ ತರಕಾರಿ ತರಬಹುದಾ?

ಹಾಲು, ಬೆಣ್ಣೆ ಬೇಡ, ವಾಸನೆ ಎಳೆದುಕೊಳ್ಳುತ್ತವೆ. ಗಾಡಿಯನ್ನು ಪೂರ್ತಿ ತೊಳೆದು, ಕ್ಲೋರಿನ್ ನೀರು ಹಾಯಿಸಿ, ಒಣಗಿಸಿದ ಮೇಲೆ ತರಕಾರಿ ತರಬಹುದು. ನೆಲದ ಕಾಲುವೆಗಳಲ್ಲಿ ಚಿಪ್ಪು ಉಳಿಯದಂತೆ ನೋಡಿಕೊಳ್ಳಿ.

ಬಾಗಿಲು ಎರಡು ನಿಮಿಷ ತೆರೆದರೆ ಏನಾಗುತ್ತದೆ?

ನಮ್ಮ ಕರಾವಳಿಯಲ್ಲಿ ಬಹಳ ಆಗುತ್ತದೆ. 30 ಡಿಗ್ರಿ ಬಿಸಿ, ಶೇಕಡಾ 80 ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. 2 ಡಿಗ್ರಿಯ ಗಾಳಿ ಹಿಡಿದುಕೊಳ್ಳುವುದು ಆರು ಗ್ರಾಂ ಕೂಡ ಇಲ್ಲ. ಉಳಿದದ್ದೆಲ್ಲ ಕಾಯಿಲಿಗೆ, ಸರಕಿಗೆ ಅಂಟುತ್ತದೆ. ಗಾಳಿಯನ್ನು ತಣ್ಣಗೆ ಮಾಡುವುದಕ್ಕಿಂತ ಆ ಆವಿಯನ್ನು ನೀರು ಮಾಡಲು ಯೂನಿಟ್ ಜಾಸ್ತಿ ದುಡಿಯಬೇಕು. ಬಯಲುಸೀಮೆಯ ಒಣಗಾಳಿಯಲ್ಲಿ ಓಡುವ ಗಾಡಿಗೆ ಈ ಕಷ್ಟ ಇಷ್ಟಿಲ್ಲ.

ಕಾಯಿಲಿಗೆ ಐಸ್ ಕಟ್ಟಿದರೆ ಗಾಳಿ ಹಾಯುವುದಿಲ್ಲ. ಅದಕ್ಕೇ ಡಿಫ್ರಾಸ್ಟ್ ಇರುವುದು. ಬಿಸಿ ಗ್ಯಾಸನ್ನೋ ವಿದ್ಯುತ್ ಹೀಟರನ್ನೋ ಬಳಸಿ ಯೂನಿಟ್ ತಾನೇ ಐಸ್ ಕರಗಿಸುತ್ತದೆ. ಆಗ ಡಿಸ್‌ಪ್ಲೇಯಲ್ಲಿ ಡಿಗ್ರಿ ಸ್ವಲ್ಪ ಏರುತ್ತದೆ, ಹೆದರಬೇಡಿ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಸಿ. ಅಂಗಡಿ ಅಂಗಡಿಗೆ ಇಳಿಸುವ ಗಾಡಿಯಲ್ಲಿ ಕೊನೆಯ ಅಂಗಡಿಯ ಮಾಲನ್ನು ಮೊದಲು ತುಂಬಿಸಿ, ಬಾಗಿಲಲ್ಲಿ ನಿಂತು ಹುಡುಕುವ ಕೆಲಸ ತಪ್ಪುತ್ತದೆ.

ತುಂಬಿಸುವಾಗ ಮಾಡಿನವರೆಗೆ ಒಟ್ಟಬೇಡಿ. ಗಾಳಿ ಮೇಲಿನಿಂದ ಹಿಂದಿನ ಬಾಗಿಲಿನವರೆಗೆ ಹೋಗಿ, ನೆಲದ ಕಡೆಯಿಂದ ಮರಳಬೇಕು. ಮೇಲೆ ಒಂದು ಗೇಣು ಜಾಗ, ಬಾಗಿಲ ಹತ್ತಿರ ಸ್ವಲ್ಪ ಜಾಗ ಬಿಡಿ.

ಹಳೆಯ ಬಾಡಿ ಅಗ್ಗಕ್ಕೆ ಸಿಗುತ್ತದೆ. ತೆಗೆದುಕೊಳ್ಳಬಹುದಾ?

ಗೋಡೆಯೊಳಗಿನ ಫೋಮಿಗೆ ನೀರು ಇಳಿದಿದೆಯಾ ನೋಡಿ. ನೀರು ಫೋಮಿಗಿಂತ ಇಪ್ಪತ್ತೈದು ಪಟ್ಟು ಜಾಸ್ತಿ ಬಿಸಿ ದಾಟಿಸುತ್ತದೆ. 14 ಅಡಿಯ ಒಳ್ಳೆಯ ಬಾಡಿಯ ಒಳಗೂ ಹೊರಗೂ 30 ಡಿಗ್ರಿ ವ್ಯತ್ಯಾಸ ಇದ್ದರೆ ಗೋಡೆಗಳಿಂದ ಒಳಬರುವ ಶಾಖ ಅರ್ಧ ಕಿಲೋವಾಟ್ ಮಾತ್ರ. ಒದ್ದೆಯಾದ ಬಾಡಿಯಲ್ಲಿ ಅದು ಎಷ್ಟೋ ಪಟ್ಟು ಏರುತ್ತದೆ, ಹೊಸ ಯೂನಿಟ್ ಕೂರಿಸಿದರೂ ಪ್ರಯೋಜನ ಇಲ್ಲ. ಗೋಡೆಗೆ ತಟ್ಟಿ ಸದ್ದು ಕೇಳಿ. ಯೂನಿಟ್ ಓಡಿಸಿ ಹೊರಮೈ ಮುಟ್ಟಿ ನೋಡಿ, ಒಂದು ಕಡೆ ಬೆವರುತ್ತಿದ್ದರೆ ಅಲ್ಲಿ ಫೋಮ್ ಹೋಗಿದೆ. ಬಾಗಿಲ ರಬ್ಬರಿನಲ್ಲಿ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸಬೇಕು.

ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕಾ?

ಬೇಡ. ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಕಡಿಮೆ ಆಗಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ಅದನ್ನು ಹುಡುಕಿಸಿ. ಈ ಗಾಡಿಗಳಲ್ಲಿ ಹೆಚ್ಚಾಗಿ ಬಳಸುವ ಆರ್-404ಎ ಗ್ಯಾಸ್ ಒಂದು ಕಿಲೋ ಸೋರಿದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಸುಮಾರು 3,900 ಕಿಲೋ ಇಂಗಾಲದ ಡೈ ಆಕ್ಸೈಡಿಗೆ ಸಮ. ಕಿಗಾಲಿ ಎಂಬ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2021ರಲ್ಲಿ ಸೇರಿತು. ಇಂಥ ಗ್ಯಾಸುಗಳ ಬಳಕೆಯನ್ನು 2032ರಿಂದ ಹಂತ ಹಂತವಾಗಿ ಇಳಿಸಬೇಕಾಗಿದೆ. ಹೊಸ ಯೂನಿಟ್ ಕೊಳ್ಳುವವರು ಯಾವ ಗ್ಯಾಸ್ ಎಂದು ಕೇಳಿ ಕೊಳ್ಳಿ.

ಇದನ್ನು ಮೊದಲು ಮಾಡಿದವರು ಯಾರು?

ಅಮೆರಿಕದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್. ಹೆಚ್ಚು ಶಾಲೆ ಕಲಿಯದ, ತಾನೇ ಓದಿ ಕಲಿತ ಕರಿಯ ಮೆಕ್ಯಾನಿಕ್. ಐಸ್ ಹಾಕಿದ ಲಾರಿಗಳು ಮೊದಲೇ ಇದ್ದವು. ರಸ್ತೆಯ ಕುಲುಕಾಟ ತಡೆದುಕೊಂಡು ಓಡುವ ಯೂನಿಟ್ಟನ್ನು ಅವರು 1930ರ ದಶಕದ ಕೊನೆಯಲ್ಲಿ ಮಾಡಿದರು. ಉದ್ಯಮಿ ಜೋಸೆಫ್ ನ್ಯೂಮೆರೊ ಜೊತೆ ಸೇರಿ ಕಟ್ಟಿದ ಕಂಪನಿಯೇ ಮುಂದೆ ಥರ್ಮೋ ಕಿಂಗ್ ಆಯಿತು. ಜೋನ್ಸ್ ತೀರಿಕೊಂಡ ಮೇಲೆ, 1991ರಲ್ಲಿ, ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟರು. ನಮ್ಮ ವರ್ಕ್‌ಶಾಪಿಗೆ ಕಲಿಯಲು ಬರುವ ಹುಡುಗರಿಗೆ ಇವರ ಹೆಸರು ಗೊತ್ತಿರಬೇಕು ಎಂದು ನನಗೆ ಅನಿಸುತ್ತದೆ.

ಮಳೆಗಾಲದಲ್ಲಿ ಇಲ್ಲಿಗೆ ಬರುವ ಮೀನನ್ನು ನಂಬಬಹುದಾ?

ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಬೋಟಿನಿಂದ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಕರ್ನಾಟಕದಲ್ಲೂ ಜೂನ್, ಜುಲೈ ನಿಷೇಧ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಆ ಹೊತ್ತಿಗೆ ತಮಿಳುನಾಡು, ಆಂಧ್ರದ ಮೀನು ದೂರದಿಂದ ಲಾರಿಯಲ್ಲಿ ಬರುತ್ತದೆ. ತಂಪು ಸರಿಯಾಗಿದ್ದರೆ ಅದು ಒಳ್ಳೆಯ ಮೀನೇ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ‘ಆಪರೇಷನ್ ಸಾಗರ್ ರಾಣಿ’ಯಲ್ಲಿ ಚೆಕ್‌ಪೋಸ್ಟುಗಳಲ್ಲಿ ಫಾರ್ಮಾಲಿನ್ (ಶವ ಕೆಡದಂತೆ ಇಡಲು ಬಳಸುವ ವಿಷದ ರಾಸಾಯನಿಕ) ಹಾಕಿದ ಮೀನು ಹಿಡಿದಿತ್ತು. ಐಸಿನ, ಡೀಸೆಲ್ಲಿನ ಖರ್ಚು ಉಳಿಸಲು ಹೋದವರು ಹಿಡಿಯುವ ದಾರಿ ಅದು. ತಂಪಿಗೆ ಖರ್ಚು ಮಾಡುವ ವ್ಯಾಪಾರಿಗೆ ಎರಡು ರೂಪಾಯಿ ಜಾಸ್ತಿ ಕೊಟ್ಟು ಮೀನು ತೆಗೆದುಕೊಳ್ಳಿ.

ನಡುದಾರಿಯಲ್ಲಿ ಯೂನಿಟ್ ಕೆಟ್ಟರೆ ಏನು ಮಾಡಬೇಕು?

ಬಾಗಿಲು ತೆರೆಯಬೇಡಿ. ಸುಮ್ನೆ ನೋಡಲಿಕ್ಕೆ ಕೂಡ ಬೇಡ. ತುಂಬಿದ ಒಳ್ಳೆಯ ಬಾಡಿ ಹಲವು ಗಂಟೆ ತಂಪು ಹಿಡಿದಿಡುತ್ತದೆ. ಗಾಡಿಯನ್ನು ನೆರಳಿಗೆ ತನ್ನಿ. ಫ್ಯೂಸ್, ಬೆಲ್ಟ್, ಯೂನಿಟ್ಟಿನ ಟ್ಯಾಂಕಿನಲ್ಲಿ ಡೀಸೆಲ್, ಈ ಮೂರನ್ನು ಮೊದಲು ನೋಡಿ. ಎಷ್ಟೋ ಸಲ ಕೆಟ್ಟಿರುವುದು ಅಷ್ಟೇ. ಡೀಸೆಲ್ ಇಂಜಿನ್ ಹೋಗಿದ್ದು ಕಂಪ್ರೆಸರ್ ಸರಿ ಇದ್ದರೆ ಹತ್ತಿರದ ಐಸ್ ಪ್ಲಾಂಟಿಗೆ ಹೋಗಿ, ಅಲ್ಲಿ ಮೂರು ಫೇಸ್ ಲೈನ್ ಇರುತ್ತದೆ, ಸ್ಟ್ಯಾಂಡ್‌ಬೈಗೆ ಪ್ಲಗ್ ಹಾಕಿ. ಅದೂ ಆಗದಿದ್ದರೆ ತಾಜಾ ಮೀನಿಗೆ ಅಲ್ಲೇ ಪುಡಿ ಐಸ್ ಹಾಕಿಸಿ. ಔಷಧಿಗೆ ಮಾತ್ರ ಐಸನ್ನು ನೇರ ತಾಗಿಸಬೇಡಿ. ಹೆಪ್ಪುಗಟ್ಟಿದ ಮಾಲು ಮೆತ್ತಗಾಗಿದ್ದರೆ ಮತ್ತೆ ಗಟ್ಟಿ ಮಾಡಿ ಕಳಿಸಬೇಡಿ. ಇಳಿಸುವವರಿಗೆ ಫೋನ್ ಮಾಡಿ, ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಡಿಗ್ರಿಗೆ ಏರಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಡಿಗ್ರಿಯನ್ನು ತಾನೇ ದಾಖಲಿಸಿಡುವ ಡೇಟಾ ಲಾಗರ್ ಇದ್ದರೆ ಆ ದಾಖಲೆ ಅವರಿಗೂ ಸಿಗುತ್ತದೆ.